ಟರ್ಮಿನಲ್ ಪ್ರೋಗ್ರಾಮಿನಲ್ಲಿ ಮೌಸ್: ಕೇಳಿ ಪಡೆಯುವ, ಓದುವ, ಹಿಂದಿರುಗಿಸುವ ಬಗೆ

ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಂ ಬರೆಯಲು ಹೊರಟವರು ಪದೇಪದೇ ಕೇಳುವ ಪ್ರಶ್ನೆಗಳು ಮೂರು. ಮೌಸ್ ಒತ್ತಿದರೂ ಪ್ರೋಗ್ರಾಮಿಗೆ ಏನೂ ತಿಳಿಯುವುದಿಲ್ಲವೇಕೆ? ತಿಳಿಯತೊಡಗಿದ ಮೇಲೆ, ಅಗಲವಾದ ಪರದೆಯ ಬಲಭಾಗದಲ್ಲಿ ಒತ್ತಿದಾಗ ಮಾತ್ರ ಎಲ್ಲವೂ ಕೆಡುವುದೇಕೆ? ಪ್ರೋಗ್ರಾಂ ನಡುವೆ ಸತ್ತರೆ, ಆಮೇಲೆ ಮೌಸ್ ಮುಟ್ಟಿದಾಗಲೆಲ್ಲ ಶೆಲ್ಲಿನಲ್ಲಿ ಅಂಕಿಗಳ ಸಾಲು ಮೂಡುವುದೇಕೆ? ಮೂರಕ್ಕೂ ಬೇರು ಒಂದೇ. ಟರ್ಮಿನಲ್ ಪ್ರೋಗ್ರಾಮಿನ ಪಾಲಿಗೆ ಮೌಸ್ ಎಂಬ ಸಾಧನವೇ ಇಲ್ಲ. ಕೀಲಿಮಣೆಯ ಅಕ್ಷರಗಳು ಹರಿದುಬರುವ ಅದೇ ದಾರಿಯಲ್ಲಿ, ಅಕ್ಷರಗಳ ರೂಪದಲ್ಲಿಯೇ ಬರುವ ಒಂದು ವರದಿ ಇದೆ, ಅದೂ ನೀವು ಕೇಳಿಕೊಂಡರೆ ಮಾತ್ರ. ಹಾಗೆ ಕೇಳಿದ ಕ್ಷಣದಿಂದ, ಬಳಕೆದಾರರು ಮೌಸಿನಿಂದ ಪಠ್ಯವನ್ನು ಆಯ್ದು ನಕಲಿಸುತ್ತಿದ್ದ ಸೌಲಭ್ಯವನ್ನು ನೀವು ಅವರ ಕೈಯಿಂದ ಪಡೆದುಕೊಂಡಿರುತ್ತೀರಿ. ಆದ್ದರಿಂದ ಎಷ್ಟು ಬೇಕೋ ಅಷ್ಟನ್ನೇ ಕೇಳುವುದು, ಮುಗಿದ ಮೇಲೆ ತಪ್ಪದೆ ಹಿಂದಿರುಗಿಸುವುದು ಈ ಕೆಲಸದ ಅರ್ಧ ಭಾಗವೆಂದೇ ನಾನು ಎಣಿಸುತ್ತೇನೆ.

1978ರಲ್ಲಿ ಬಂದ ವಿಟಿ100 ಟರ್ಮಿನಲ್‌ಗೆ ಮೌಸ್ ಇರಲಿಲ್ಲ. ಇಂದಿನ ಟರ್ಮಿನಲ್ ತಂತ್ರಾಂಶಗಳು ಅದರ ಭಾಷೆಯನ್ನೇ ಆಡುತ್ತವೆಯಾದರೂ ಮೌಸಿನ ಪದ್ಧತಿಯನ್ನು ಎಕ್ಸ್‌ಟರ್ಮ್ ಎಂಬ ಹಳೆಯ ಟರ್ಮಿನಲ್ ತಂತ್ರಾಂಶದಿಂದ ಎರವಲು ಪಡೆದಿವೆ. 1984ರಲ್ಲಿ ಆರಂಭವಾದ ಎಕ್ಸ್‌ಟರ್ಮ್ ಹಂತಹಂತವಾಗಿ ಸೇರಿಸುತ್ತ ಬಂದ ಮೋಡ್ ಸಂಖ್ಯೆಗಳನ್ನೇ ಗ್ನೋಮ್ ಟರ್ಮಿನಲ್, ಕಾನ್ಸೋಲ್, ಕಿಟ್ಟಿ, ಅಲಾಕ್ರಿಟಿ, ಐಟರ್ಮ್2, ವಿಂಡೋಸ್ ಟರ್ಮಿನಲ್ ಎಲ್ಲವೂ ಅನುಸರಿಸುತ್ತವೆ. ಹಾಗಾಗಿ ಒಂದು ಪದ್ಧತಿಯನ್ನು ಕಲಿತರೆ ಸಾಕು.

ಏನೇನು ಬೇಕು

ಮೇಲೆ ಹೆಸರಿಸಿದ ಯಾವುದಾದರೂ ಒಂದು ಟರ್ಮಿನಲ್, ಮತ್ತು ಪೈಥಾನ್ ಅಥವಾ ಸಿ ಭಾಷೆಯ ಸಾಮಾನ್ಯ ಪರಿಚಯ ಇದ್ದರೆ ಸಾಕು. ಕೆಲವು ಮಾತುಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಎಸ್ಕೇಪ್ ಸರಣಿ ಎಂದರೆ 27ನೆಯ ಸಂಖ್ಯೆಯ ಬೈಟಿನಿಂದ ಆರಂಭವಾಗಿ, ಓದುವವರಿಗಲ್ಲದೆ ಟರ್ಮಿನಲ್‌ಗೆ ಆದೇಶವಾಗಿ ಹೋಗುವ ಅಥವಾ ಅಲ್ಲಿಂದ ವರದಿಯಾಗಿ ಬರುವ ಅಕ್ಷರಗಳ ಸಾಲು. ಕೋಶ ಎಂದರೆ ಪರದೆಯ ಮೇಲೆ ಒಂದು ಅಕ್ಷರಕ್ಕೆ ಮೀಸಲಾದ ಚೌಕ. ಅದರ ಸ್ಥಾನವನ್ನು ಅಂಕಣ ಮತ್ತು ಸಾಲುಗಳ ಸಂಖ್ಯೆಯಿಂದ ಹೇಳುತ್ತೇವೆ. ಮೋಡ್ ಎಂದರೆ ಟರ್ಮಿನಲ್‌ನಲ್ಲಿ ಹಚ್ಚಬಹುದಾದ, ಆರಿಸಬಹುದಾದ ಒಂದು ಗುಣ. ಎಸ್ಕೇಪ್, ಎಡ ಚೌಕಾವರಣ, ಪ್ರಶ್ನಾರ್ಥಕ ಚಿಹ್ನೆ, ಮೋಡಿನ ಸಂಖ್ಯೆ, ಕೊನೆಗೆ ಸಣ್ಣ ಎಚ್ ಅಕ್ಷರ ಬರೆದರೆ ಆ ಮೋಡ್ ಹತ್ತುತ್ತದೆ. ಎಚ್ ಬದಲು ಸಣ್ಣ ಎಲ್ ಬರೆದರೆ ಆರುತ್ತದೆ. ಇಲ್ಲಿ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಆಯಾ ಇಂಗ್ಲಿಷ್ ಅಕ್ಷರವನ್ನೇ ಹಾಕಬೇಕು.

ಹಂತ 1: ಮೊದಲು ವರದಿಯನ್ನು ಕಣ್ಣಾರೆ ನೋಡಿ

ಪ್ರೋಗ್ರಾಂ ಬರೆಯುವ ಮುನ್ನ ಶೆಲ್ಲಿನಲ್ಲೇ ಐದು ನಿಮಿಷ ಕಳೆಯಿರಿ. ಪ್ರಿಂಟ್‌ಎಫ್ ಆದೇಶಕ್ಕೆ ಏಕ ಉದ್ಧರಣ ಚಿಹ್ನೆಗಳ ನಡುವೆ \033[?1000ಎಚ್\033[?1006ಎಚ್ ಎಂದು ಕೊಡಿ. ಇಲ್ಲಿ \033 ಎನ್ನುವುದು ಎಸ್ಕೇಪ್ ಬೈಟನ್ನು ಎಂಟರ ಮೂಲಮಾನದಲ್ಲಿ ಬರೆಯುವ ರೀತಿ. ಆಮೇಲೆ ಕ್ಯಾಟ್ ಆದೇಶವನ್ನು ಓಡಿಸಿ, ಕಿಟಕಿಯೊಳಗೆ ಎಲ್ಲಾದರೂ ಮೌಸಿನ ಎಡಗುಂಡಿಯನ್ನು ಒತ್ತಿ ಬಿಡಿ. 35ನೆಯ ಅಂಕಣ, 12ನೆಯ ಸಾಲಿನಲ್ಲಿ ಒತ್ತಿದ್ದರೆ ^[[<0;35;12 ಮತ್ತು ದೊಡ್ಡ ಎಂ, ಅದರ ಬೆನ್ನಿಗೇ ಅದೇ ಅಂಕಿಗಳು ಮತ್ತು ಸಣ್ಣ ಎಂ ಮೂಡುತ್ತವೆ. ಮೊದಲನೆಯದು ಒತ್ತಿದ ವರದಿ, ಎರಡನೆಯದು ಬಿಟ್ಟ ವರದಿ. ಕಂಟ್ರೋಲ್ ಒತ್ತಿಹಿಡಿದು ಕ್ಲಿಕ್ ಮಾಡಿ, ಚಕ್ರ ತಿರುಗಿಸಿ, ಮೊದಲ ಅಂಕಿ ಹೇಗೆ ಬದಲಾಗುತ್ತದೆ ಎಂಬುದನ್ನು ಗಮನಿಸಿ. ಮುಗಿದ ಮೇಲೆ ಕಂಟ್ರೋಲ್-ಸಿ ಒತ್ತಿ ಕ್ಯಾಟ್‌ನಿಂದ ಹೊರಬಂದು, ಅದೇ ಪ್ರಿಂಟ್‌ಎಫ್ ಆದೇಶವನ್ನು ಎಚ್ ಇದ್ದಲ್ಲಿ ಎಲ್ ಹಾಕಿ ಮತ್ತೆ ಕೊಡಿ.

ಈ ಪ್ರಯೋಗವನ್ನು ಹಾರಿಸಿ ನೇರವಾಗಿ ಕೋಡ್ ಬರೆಯಲು ಕೂರುವವರು, ತಪ್ಪು ತಮ್ಮ ಪ್ರೋಗ್ರಾಮಿನಲ್ಲಿದೆಯೋ ಟರ್ಮಿನಲ್‌ನಲ್ಲಿದೆಯೋ ತಿಳಿಯದೆ ದಿನಗಟ್ಟಲೆ ಹುಡುಕುತ್ತಾರೆ. ಇಲ್ಲಿ ವರದಿ ಬಂತೆಂದರೆ ಟರ್ಮಿನಲ್ ಸರಿಯಿದೆ ಎಂದು ಖಚಿತವಾಗುತ್ತದೆ.

ಹಂತ 2: ಎಷ್ಟು ವರದಿ ಬೇಕೆಂದು ನಿರ್ಧರಿಸಿ

ಮೋಡ್ 9 ಅತಿ ಹಳೆಯದು. ಒತ್ತಿದ್ದನ್ನು ಮಾತ್ರ ಹೇಳುತ್ತದೆ, ಬಿಟ್ಟದ್ದನ್ನು ಹೇಳುವುದಿಲ್ಲ. ಹೊಸ ಪ್ರೋಗ್ರಾಮಿಗೆ ಅದು ಬೇಡ. ಮೋಡ್ 1000 ಒತ್ತುವುದು, ಬಿಡುವುದು, ಚಕ್ರದ ತಿರುವು ಇಷ್ಟನ್ನೂ ತಿಳಿಸುತ್ತದೆ. ಪಟ್ಟಿಯಿಂದ ಆಯ್ಕೆ ಮಾಡಲು, ಗುಂಡಿ ಒತ್ತಲು, ಪುಟ ಸರಿಸಲು ಇದು ಧಾರಾಳವಾಗಿ ಸಾಕು. ಮೋಡ್ 1002 ಇದರ ಜೊತೆಗೆ, ಗುಂಡಿ ಒತ್ತಿಹಿಡಿದು ಎಳೆಯುವಾಗ ಮೌಸ್ ಹೊಸ ಕೋಶವನ್ನು ಪ್ರವೇಶಿಸಿದಾಗಲೆಲ್ಲ ವರದಿ ಕಳಿಸುತ್ತದೆ. ಚೌಕಟ್ಟಿನ ಅಂಚನ್ನು ಎಳೆದು ಹಿಗ್ಗಿಸಬೇಕಾದರೆ ಅಥವಾ ಪಠ್ಯವನ್ನು ಪ್ರೋಗ್ರಾಮಿನೊಳಗೇ ಆಯ್ಕೆ ಮಾಡಿಸಬೇಕಾದರೆ ಇದು ಬೇಕಾಗುತ್ತದೆ. ಮೋಡ್ 1003 ಗುಂಡಿ ಒತ್ತದಿದ್ದರೂ ಪ್ರತಿ ಚಲನೆಯನ್ನು ಹೇಳುತ್ತದೆ. ಮೌಸ್ ಮೇಲೆ ಬಂದಾಗ ಬಣ್ಣ ಬದಲಾಗಲಿ ಎಂಬ ಆಸೆಯಿಂದ ಹಲವರು ಇದನ್ನು ಹಚ್ಚುತ್ತಾರೆ. ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಕುಳಿತು ಕೆಲಸ ಮಾಡುವವರಿಗೆ ಮೌಸಿನ ಒಂದೊಂದು ಅಲುಗಾಟವೂ ಜಾಲದ ಮೇಲೆ ಹೋಗಿ ಬರಬೇಕಾಗುತ್ತದೆ ಎಂಬುದನ್ನು ಮರೆಯುತ್ತಾರೆ. ನಿಜವಾದ ಕಾರಣವಿಲ್ಲದೆ 1003 ಹಚ್ಚಬೇಡಿ ಎಂಬುದು ನನ್ನ ಸಲಹೆ.

ಎಕ್ಸ್‌ಟರ್ಮ್‌ನಲ್ಲಿ 1000, 1002, 1003 ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುತ್ತವೆ. ಕೊನೆಗೆ ಹಚ್ಚಿದ್ದೇ ಜಾರಿಯಲ್ಲಿರುತ್ತದೆ. ಚಕ್ರದಿಂದ ಪುಟ ಸರಿಯುವುದೊಂದೇ ನಿಮಗೆ ಬೇಕಿದ್ದರೆ ಇವು ಯಾವುವೂ ಬೇಡವಾಗಬಹುದು. ಪರ್ಯಾಯ ಪರದೆಯಲ್ಲಿ, ಅಂದರೆ ಸಂಪಾದಕಗಳು ಪೂರ್ತಿ ಕಿಟಕಿಯನ್ನು ಬಳಸಲು ತೆರೆಯುವ ಎರಡನೆಯ ಪರದೆಯಲ್ಲಿ, ಚಕ್ರದ ತಿರುವನ್ನು ಮೇಲೆ-ಕೆಳಗಿನ ಬಾಣದ ಕೀಲಿಗಳಾಗಿ ಮಾರ್ಪಡಿಸಿ ಕಳಿಸುವ 1007ನೆಯ ಮೋಡ್ ಇದೆ. ಅದನ್ನು ಬಳಸಿದರೆ ಬಳಕೆದಾರರ ಪಠ್ಯ ಆಯ್ಕೆಯ ಸೌಲಭ್ಯ ಹಾಗೇ ಉಳಿಯುತ್ತದೆ.

ಹಂತ 3: ವರದಿಯ ಬರವಣಿಗೆಗೆ 1006 ಹಚ್ಚಿ

ಬಲಭಾಗದಲ್ಲಿ ಒತ್ತಿದರೆ ಕೆಡುತ್ತದೆ ಎಂಬ ದೂರಿಗೆ ಮೂಲ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಹಳೆಯ ಬರವಣಿಗೆಯಲ್ಲಿ ವರದಿ ಎಂದರೆ ಎಸ್ಕೇಪ್, ಎಡ ಚೌಕಾವರಣ, ದೊಡ್ಡ ಎಂ, ಅದರ ಹಿಂದೆ ಸರಿಯಾಗಿ ಮೂರು ಬೈಟುಗಳು: ಗುಂಡಿ, ಅಂಕಣ, ಸಾಲು. ನಿಯಂತ್ರಣ ಅಕ್ಷರಗಳೊಂದಿಗೆ ಗೊಂದಲವಾಗದಿರಲೆಂದು ಪ್ರತಿಯೊಂದಕ್ಕೂ 32 ಕೂಡಿಸಿ ಕಳಿಸುತ್ತಾರೆ. ಮೇಲಿನ ಎಡ ಮೂಲೆಯ ಕೋಶದಲ್ಲಿ ಎಡಗುಂಡಿ ಒತ್ತಿದರೆ 32, 33, 33 ಬರುತ್ತವೆ. ಒಂದು ಬೈಟಿನಲ್ಲಿ ಹಿಡಿಯುವುದು 255ರ ತನಕ. ಅದರಲ್ಲಿ 32 ಕಳೆದರೆ 223. ಅಂದರೆ 223ನೆಯ ಅಂಕಣದಾಚೆಗೆ ಒತ್ತಿದ್ದನ್ನು ಈ ಬರವಣಿಗೆ ಹೇಳಲಾರದು. ಅದಕ್ಕೂ ಮೊದಲೇ ಇನ್ನೊಂದು ತೊಡಕು ಕಾದಿದೆ: 96ನೆಯ ಅಂಕಣಕ್ಕೆ ಬರುವ ಬೈಟು 128. ಬರುವುದೆಲ್ಲ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ರೀತಿ) ಪಠ್ಯವೆಂದು ನಂಬಿರುವ ಪ್ರೋಗ್ರಾಂ, ಒಂಟಿಯಾಗಿ ಬಂದ ಇಂಥ ಬೈಟನ್ನು ಕಂಡು ಎಡವುತ್ತದೆ. ಎಂಬತ್ತು ಅಂಕಣದ ಕಿಟಕಿಯಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ದೊಡ್ಡ ಪರದೆಯುಳ್ಳ ಬಳಕೆದಾರರಿಗೆ ಮಾತ್ರ ಕಾಣುತ್ತದೆ. ಹಳೆಯ ಬರವಣಿಗೆಗೆ ಇನ್ನೊಂದು ಕೊರತೆಯೂ ಇದೆ: ಗುಂಡಿ ಬಿಟ್ಟಾಗ ಬರುವ ಸಂಖ್ಯೆ ಯಾವಾಗಲೂ 3, ಯಾವ ಗುಂಡಿ ಬಿಟ್ಟಿತೆಂದು ತಿಳಿಯುವುದಿಲ್ಲ.

ಇದನ್ನು ಸರಿಪಡಿಸಲು ನಡುವೆ 1005, 1015 ಎಂಬ ಪ್ರಯತ್ನಗಳು ನಡೆದವು, ಅವನ್ನು ಬಳಸಬೇಕಾಗಿಲ್ಲ. 1006 ಹಚ್ಚಿದರೆ ಅಂಕಣ, ಸಾಲುಗಳು ದಶಮಾನದ ಅಂಕಿಗಳಾಗಿ, ಅರ್ಧವಿರಾಮಗಳಿಂದ ಬೇರೆಯಾಗಿ ಬರುತ್ತವೆ. 223ರ ಮಿತಿ ಇಲ್ಲ, 128ರ ತೊಡಕಿಲ್ಲ, ಬಿಟ್ಟ ಗುಂಡಿ ಯಾವುದೆಂಬುದೂ ತಿಳಿಯುತ್ತದೆ.

ಎಚ್ಚರಿಕೆ: 1006 ಬರವಣಿಗೆಯ ಶೈಲಿಯನ್ನು ಮಾತ್ರ ಬದಲಿಸುತ್ತದೆ. ಅದೊಂದನ್ನೇ ಹಚ್ಚಿ ವರದಿಗಾಗಿ ಕಾದರೆ ಏನೂ ಬರುವುದಿಲ್ಲ. 1000 ಅಥವಾ 1002ರ ಜೊತೆಗೇ ಅದನ್ನು ಹಚ್ಚಬೇಕು.

ಹಂತ 4: ಬೈಟುಗಳನ್ನು ಸರಿಯಾಗಿ ಓದಿ

ಸಾಮಾನ್ಯ ಸ್ಥಿತಿಯಲ್ಲಿ ಟರ್ಮಿನಲ್ ಒಂದು ಸಾಲು ಪೂರ್ತಿಯಾಗಿ ಎಂಟರ್ ಒತ್ತುವ ತನಕ ನಿಮ್ಮ ಪ್ರೋಗ್ರಾಮಿಗೆ ಏನನ್ನೂ ಕೊಡುವುದಿಲ್ಲ, ಜೊತೆಗೆ ಬಂದದ್ದನ್ನೆಲ್ಲ ಪರದೆಯ ಮೇಲೆ ಪ್ರತಿಧ್ವನಿಸುತ್ತದೆ. ಇವೆರಡನ್ನೂ ನಿಲ್ಲಿಸಬೇಕು. ಪೈಥಾನ್‌ನಲ್ಲಿ ಟಿಟಿವೈ ಘಟಕದ ಸೆಟ್‌ಸಿಬ್ರೇಕ್ ಈ ಕೆಲಸ ಮಾಡುತ್ತದೆ. ಸೆಟ್‌ರಾ ಇನ್ನೂ ಮುಂದೆ ಹೋಗಿ ಕಂಟ್ರೋಲ್-ಸಿಯನ್ನೂ ಪ್ರೋಗ್ರಾಂ ನಿಲ್ಲಿಸುವ ಸಂಕೇತವಾಗಿಸದೆ (ಸಿಗ್ನಲ್) 3ನೆಯ ಬೈಟಾಗಿ ನಿಮ್ಮ ಕೈಗೇ ಕೊಡುತ್ತದೆ. ಮೊದಲ ಸಲ ಬರೆಯುವವರು ಸೆಟ್‌ಸಿಬ್ರೇಕ್ ಬಳಸುವುದು ಕ್ಷೇಮ, ಏಕೆಂದರೆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೂ ಕಂಟ್ರೋಲ್-ಸಿ ಕೆಲಸ ಮಾಡುತ್ತಿರುತ್ತದೆ. ಬದಲಾಯಿಸುವ ಮುನ್ನ ಹಳೆಯ ಸ್ಥಿತಿಯನ್ನು ಟರ್ಮಿಯೋಸ್ ಘಟಕದ ಟಿಸಿಗೆಟ್‌ಆಟರ್ ಮೂಲಕ ಉಳಿಸಿಕೊಳ್ಳಿ.

ಇಲ್ಲಿ ಇಬ್ಬರಲ್ಲಿ ಒಬ್ಬರು ಬೀಳುವ ಹಳ್ಳವೊಂದಿದೆ. ಹೊಸ ಬೈಟು ಬಂದಿದೆಯೇ ಎಂದು ಸೆಲೆಕ್ಟ್‌ನಿಂದ ಕೇಳಿ, ಬಂದಿದ್ದರೆ ಪೈಥಾನ್‌ನ ಸ್ಟ್ಯಾಂಡರ್ಡ್ ಇನ್‌ಪುಟ್ ವಸ್ತುವಿನಿಂದ ಒಂದು ಅಕ್ಷರ ಓದುವುದು ಸಹಜವಾಗಿ ತೋರುತ್ತದೆ. ಆದರೆ ಆ ವಸ್ತು ಒಂದು ಅಕ್ಷರ ಕೇಳಿದರೂ ಸಿಕ್ಕಿದ್ದನ್ನೆಲ್ಲ ತನ್ನ ಒಳಗಿನ ಸಂಗ್ರಹಕ್ಕೆ ಸೆಳೆದುಕೊಳ್ಳುತ್ತದೆ. ಆಮೇಲೆ ಸೆಲೆಕ್ಟ್ ಏನೂ ಇಲ್ಲ ಎನ್ನುತ್ತದೆ, ವರದಿಯ ಉಳಿದ ಭಾಗ ಮುಂದಿನ ಕ್ಲಿಕ್ಕಿನ ತನಕ ಒಳಗೇ ಕೂತಿರುತ್ತದೆ. ಮೌಸ್ ಒಂದು ಹೆಜ್ಜೆ ಹಿಂದೆ ನಡೆಯುತ್ತಿದೆ ಎಂದು ನಿಮಗೆ ಅನಿಸಿದರೆ ಕಾರಣ ಇದೇ ಇರಬಹುದು. ಓಎಸ್ ಘಟಕದ ರೀಡ್ ಬಳಸಿ, ಬೈಟುಗಳನ್ನು ನೇರವಾಗಿ, ಒಮ್ಮೆಗೆ 1024ರಂತೆ ಓದಿ.

ಒಂದು ಓದಿಗೆ ಒಂದು ವರದಿ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಚಕ್ರವನ್ನು ವೇಗವಾಗಿ ತಿರುಗಿಸಿದರೆ ಹತ್ತು ವರದಿಗಳು ಒಟ್ಟಿಗೆ ಬರಬಹುದು. ಜಾಲ ನಿಧಾನವಿದ್ದರೆ ಅರ್ಧ ವರದಿ ಈಗ, ಉಳಿದರ್ಧ ಇನ್ನೊಂದು ಕ್ಷಣಕ್ಕೆ ಬರಬಹುದು. ಓದಿದ್ದನ್ನೆಲ್ಲ ಒಂದು ಸಂಗ್ರಹಕ್ಕೆ ಸೇರಿಸುತ್ತ, ಪೂರ್ಣವಾದ ವರದಿಗಳನ್ನು ಮಾತ್ರ ತೆಗೆದು, ಅಪೂರ್ಣ ತುಣುಕನ್ನು ಮುಂದಿನ ಓದಿಗೆ ಉಳಿಸಿಕೊಳ್ಳಿ. ಒಂಟಿ ಎಸ್ಕೇಪ್ ಬೈಟು ಬಂದು ನಿಂತರೆ, ಅದು ಎಸ್ಕೇಪ್ ಕೀಲಿಯೋ ವರದಿಯ ಆರಂಭವೋ ಎಂದು ತಿಳಿಯಲು ಸೆಕೆಂಡಿನ ಒಂದು ಸಣ್ಣ ಭಾಗ ಕಾಯುವುದೊಂದೇ ದಾರಿ.

ಹಂತ 5: ಗುಂಡಿಯ ಸಂಖ್ಯೆಯನ್ನು ಬಿಡಿಸಿ

ಮೊದಲ ಅಂಕಿ ಒಂದೇ ಸಂಖ್ಯೆಯಲ್ಲಿ ಹಲವು ಸಂಗತಿಗಳನ್ನು ಹೊತ್ತು ತರುತ್ತದೆ. ಕೊನೆಯ ಎರಡು ಬಿಟ್‌ಗಳಲ್ಲಿ 0 ಎಂದರೆ ಎಡಗುಂಡಿ, 1 ನಡುವಿನದು, 2 ಬಲದ್ದು, 3 ಎಂದರೆ ಯಾವ ಗುಂಡಿಯೂ ಇಲ್ಲ. ಅದಕ್ಕೆ ಶಿಫ್ಟ್ ಇದ್ದರೆ 4, ಆಲ್ಟ್ ಇದ್ದರೆ 8, ಕಂಟ್ರೋಲ್ ಇದ್ದರೆ 16, ಚಲನೆಯಾದರೆ 32 ಕೂಡುತ್ತದೆ. ಚಕ್ರಕ್ಕೆ 64ನ್ನು ಕೂಡಿಸುತ್ತಾರೆ: 64 ಮೇಲಕ್ಕೆ, 65 ಕೆಳಕ್ಕೆ. ಹೀಗೆ 32 ಎಂದರೆ ಎಡಗುಂಡಿ ಹಿಡಿದು ಎಳೆದದ್ದು, 35 ಎಂದರೆ ಗುಂಡಿ ಒತ್ತದೆ ಸರಿಸಿದ್ದು, 80 ಎಂದರೆ ಕಂಟ್ರೋಲ್ ಹಿಡಿದು ಚಕ್ರವನ್ನು ಮೇಲಕ್ಕೆ ತಿರುಗಿಸಿದ್ದು. ಸಂಖ್ಯೆಯನ್ನು ಇಡಿಯಾಗಿ ಹೋಲಿಸದೆ ಬಿಟ್‌ಗಳನ್ನು ಬೇರ್ಪಡಿಸಿ ನೋಡಿ. ಇಲ್ಲವಾದರೆ ಬಳಕೆದಾರರು ಯಾವುದೋ ಕೀಲಿ ಹಿಡಿದು ಒತ್ತಿದ ದಿನ ನಿಮ್ಮ ಪ್ರೋಗ್ರಾಂ ಕಿವುಡಾಗುತ್ತದೆ.

ಚಕ್ರಕ್ಕೆ ಬಿಟ್ಟ ವರದಿ ಇರುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಡಬಲ್ ಕ್ಲಿಕ್ ಎಂಬುದೂ ಈ ವರದಿಗಳಲ್ಲಿಲ್ಲ. ಎರಡು ಒತ್ತುಗಳ ನಡುವಿನ ಸಮಯವನ್ನೂ ಕೋಶವನ್ನೂ ನೋಡಿ ನೀವೇ ತೀರ್ಮಾನಿಸಬೇಕು. ಶಿಫ್ಟ್ ಹಿಡಿದು ಕ್ಲಿಕ್ ಮಾಡುವುದರ ಮೇಲೆ ಯಾವ ಮುಖ್ಯ ಕೆಲಸವನ್ನೂ ನಿಲ್ಲಿಸಬೇಡಿ. ಹೆಚ್ಚಿನ ಟರ್ಮಿನಲ್‌ಗಳು ಅದನ್ನು ಪಠ್ಯ ಆಯ್ಕೆಗಾಗಿ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಐಟರ್ಮ್2 ಅದೇ ಕೆಲಸಕ್ಕೆ ಆಪ್ಷನ್ ಕೀಲಿಯನ್ನು ಬಳಸುತ್ತದೆ. ನಿಮ್ಮ ಸಹಾಯಪುಟದಲ್ಲಿ ಈ ಕೀಲಿಗಳನ್ನು ಒಂದು ಸಾಲಿನಲ್ಲಿ ತಿಳಿಸಿದರೆ, ನಕಲು ಮಾಡಲಾಗುತ್ತಿಲ್ಲ ಎಂಬ ದೂರು ಬಹುತೇಕ ನಿಲ್ಲುತ್ತದೆ.

ಹಂತ 6: ಕೋಶದಿಂದ ವಸ್ತುವಿಗೆ

ವರದಿಯ ಎಣಿಕೆ 1ರಿಂದ ಆರಂಭವಾಗುತ್ತದೆ. ನಿಮ್ಮ ಪಟ್ಟಿಗಳ ಎಣಿಕೆ 0ಯಿಂದ. ಓದಿದ ಕೂಡಲೇ, ಒಂದೇ ಜಾಗದಲ್ಲಿ 1 ಕಳೆಯಿರಿ. ಪರದೆಯನ್ನು ಬರೆಯುವಾಗ ಒತ್ತಬಹುದಾದ ಪ್ರತಿ ವಸ್ತುವಿನ ಆಯತವನ್ನು ಪಟ್ಟಿಯೊಂದಕ್ಕೆ ಸೇರಿಸಿ, ಕ್ಲಿಕ್ ಬಂದಾಗ ಆ ಪಟ್ಟಿಯನ್ನು ಕೊನೆಯಿಂದ ಹುಡುಕಿ. ಕೊನೆಗೆ ಬರೆದದ್ದೇ ಮೇಲೆ ಕಾಣುವುದಾದ್ದರಿಂದ ಸರಿಯಾದದ್ದು ಸಿಗುತ್ತದೆ. ಕಿಟಕಿಯ ಅಳತೆ ಬದಲಾದಾಗ ಪಟ್ಟಿಯನ್ನು ಹೊಸದಾಗಿ ಕಟ್ಟಬೇಕು. ಒತ್ತಿದ್ದೂ ಬಿಟ್ಟದ್ದೂ ಒಂದೇ ಆಯತದೊಳಗೆ ಆದರೆ ಮಾತ್ರ ಗುಂಡಿ ಒತ್ತಿದಂತೆ ಪರಿಗಣಿಸಿ. ತಪ್ಪಿ ಒತ್ತಿದವರು ಪಕ್ಕಕ್ಕೆ ಎಳೆದು ಬಿಡುವ ಅವಕಾಶ ಆಗ ಸಿಗುತ್ತದೆ.

ಕನ್ನಡ ಪಠ್ಯವನ್ನು ತೋರಿಸುವವರಿಗೆ ಇಲ್ಲಿ ಹೆಚ್ಚಿನ ಕೆಲಸವಿದೆ. ಮೌಸ್ ಹೇಳುವುದು ಕೋಶವನ್ನು, ಅಕ್ಷರವನ್ನಲ್ಲ. ‘ಕ್ಷಿ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡಿನಲ್ಲಿ ಅದು ಕ, ಹಲಂತ ಚಿಹ್ನೆ (್), ಷ, ಇಕಾರದ ಗುಣಿತ ಎಂಬ ನಾಲ್ಕು ಸಂಕೇತಗಳು. ಸಂಕೇತಗಳ ಅಗಲವನ್ನು ಒಂದೊಂದಾಗಿ ಕೂಡಿಸುವ ಟರ್ಮಿನಲ್‌ನಲ್ಲಿ ಅದಕ್ಕೆ ಎರಡು ಕೋಶ. ‘ಕಾ’ ಎಂಬುದಕ್ಕೆ ಒಂದು ಟರ್ಮಿನಲ್ ಒಂದು ಕೋಶ ಕೊಟ್ಟರೆ ಇನ್ನೊಂದು ಎರಡು ಕೊಡುತ್ತದೆ, ದೀರ್ಘ ಚಿಹ್ನೆಯ ಅಗಲವನ್ನು ಎಲ್ಲರೂ ಒಂದೇ ರೀತಿ ಎಣಿಸುವುದಿಲ್ಲ. ಆದ್ದರಿಂದ ಅಂಕಣದ ಸಂಖ್ಯೆಯನ್ನೇ ಪಠ್ಯದ ಸ್ಥಾನವೆಂದು ಹಿಡಿದರೆ ಸಾಲಿನ ಆರಂಭದಲ್ಲಿ ಸರಿಯಿದ್ದದ್ದು ತುದಿಗೆ ಹೋಗುವಷ್ಟರಲ್ಲಿ ಹಲವು ಅಕ್ಷರ ಜಾರಿರುತ್ತದೆ. ಊಹಿಸುವ ಬದಲು ಟರ್ಮಿನಲ್ಲನ್ನೇ ಕೇಳಿ: ಒಂದು ಪದವನ್ನು ಬರೆದು, ಎಸ್ಕೇಪ್ [6 ಮತ್ತು ಸಣ್ಣ ಎನ್ ಕಳಿಸಿದರೆ, ಕರ್ಸರ್ ಈಗ ಇರುವ ಸಾಲು ಮತ್ತು ಅಂಕಣ ದೊಡ್ಡ ಆರ್‌ನಲ್ಲಿ ಕೊನೆಗೊಳ್ಳುವ ಉತ್ತರವಾಗಿ ಅದೇ ಇನ್‌ಪುಟ್ ದಾರಿಯಲ್ಲಿ ಬರುತ್ತದೆ. ಪ್ರೋಗ್ರಾಂ ಆರಂಭವಾಗುವಾಗ ಒಮ್ಮೆ ‘ಕಾ’, ‘ಕ್ಷಿ’, ‘ಸ್ತ್ರೀ’ಗಳಂಥ ಕೆಲವು ಮಾದರಿಗಳನ್ನು ಹೀಗೆ ಅಳೆದುಕೊಂಡು ನಿಮ್ಮ ಅಗಲದ ಲೆಕ್ಕವನ್ನು ಅದಕ್ಕೆ ಹೊಂದಿಸಿ, ಪ್ರತಿ ಸಾಲಿಗೂ ಕೋಶದಿಂದ ಅಕ್ಷರಕ್ಕೆ ಒಂದು ನಕ್ಷೆಯನ್ನು ಇಟ್ಟುಕೊಳ್ಳಿ. ಒತ್ತಕ್ಷರದ ನಡುವಿನ ಕೋಶದಲ್ಲಿ ಕ್ಲಿಕ್ ಬಿದ್ದರೆ ಕರ್ಸರ್ ಅಕ್ಷರದ ಆರಂಭಕ್ಕೆ ಹೋಗಬೇಕೇ ಹೊರತು ಹಲಂತ ಚಿಹ್ನೆಯ ನಂತರಕ್ಕಲ್ಲ. ಅಲ್ಲಿ ಅಳಿಸುವ ಕೀಲಿ ಒತ್ತಿದವರ ಪದ ಒಡೆದುಹೋಗುತ್ತದೆ.

ಹಂತ 7: ಎನ್‌ಕರ್ಸಸ್ ಬಳಸುವವರಿಗೆ

ಎನ್‌ಕರ್ಸಸ್ ಎಂದರೆ ಪರದೆಯನ್ನೂ ಕೀಲಿಗಳನ್ನೂ ನಿರ್ವಹಿಸುವ ಗ್ರಂಥಾಲಯ. ಮೇಲಿನ ಬಿಡಿಸುವ ಕೆಲಸವನ್ನು ಅದು ತಾನೇ ಮಾಡುತ್ತದೆ. ಕೀಪ್ಯಾಡ್ ಗುಣವನ್ನು ಹಚ್ಚಿ, ಮೌಸ್‌ಮಾಸ್ಕ್ ಮೂಲಕ ಬೇಕಾದ ಘಟನೆಗಳನ್ನು ಕೇಳಿ, ಗೆಟ್‌ಸಿಎಚ್‌ನಿಂದ ಕೀ-ಮೌಸ್ ಎಂಬ ಸಂಖ್ಯೆ ಬಂದಾಗ ಗೆಟ್‌ಮೌಸ್ ಕರೆಯಿರಿ. ಕೀಪ್ಯಾಡ್ ಮರೆತರೆ ವರದಿ ಬಿಡಿ ಅಕ್ಷರಗಳಾಗಿ ಬರುತ್ತದೆ. ಇಲ್ಲಿ ಎಣಿಕೆ 0ಯಿಂದಲೇ ಆರಂಭ, ಮತ್ತೆ 1 ಕಳೆಯಬೇಡಿ. ಒತ್ತು ಮತ್ತು ಬಿಡುವಿಕೆಯನ್ನು ಸೇರಿಸಿ ಒಂದು ಕ್ಲಿಕ್ ಮಾಡಲೆಂದು ಗ್ರಂಥಾಲಯ ಸೆಕೆಂಡಿನ ಆರನೆಯ ಒಂದು ಭಾಗ ಕಾಯುತ್ತದೆ. ಪ್ರತಿಕ್ರಿಯೆ ಮಂದವೆನಿಸಿದರೆ ಮೌಸ್‌ಇಂಟರ್ವಲ್‌ಗೆ 0 ಕೊಡಿ, ಆಗ ಒತ್ತು ಮತ್ತು ಬಿಡುವಿಕೆ ಬೇರೆಬೇರೆಯಾಗಿ ಕೂಡಲೇ ಬರುತ್ತವೆ. ಪೈಥಾನ್‌ನಲ್ಲಿ ಗೆಟ್‌ಮೌಸ್‌ಗೆ ಕೊಡಲು ಘಟನೆ ಇಲ್ಲದಿದ್ದರೆ ಅದು ದೋಷ ಎಸೆಯುತ್ತದೆ, ಅದನ್ನು ಹಿಡಿದುಕೊಳ್ಳಿ. ಚಕ್ರದ ಕೆಳಮುಖ ತಿರುವಿಗೆ ಬೇಕಾದ ಐದನೆಯ ಗುಂಡಿಯ ಹೆಸರುಗಳು ಪೈಥಾನ್ 3.10ರಿಂದ ಮಾತ್ರ ಸಿಗುತ್ತವೆ.

ಹಂತ 8: ನಡುವೆ ಇರುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಒಂದೇ ಟರ್ಮಿನಲ್ ಕಿಟಕಿಯನ್ನು ಹಲವು ಚೌಕಟ್ಟುಗಳಾಗಿ ಹಂಚಿಕೊಡುವ ಟಿಮಕ್ಸ್ ಒಳಗೆ ಓಡುವಾಗ ನಿಮ್ಮ ಕೋರಿಕೆ ಹೊರಗಿನ ಟರ್ಮಿನಲ್‌ಗೆ ನೇರವಾಗಿ ತಲುಪದೆ ಟಿಮಕ್ಸ್‌ನ ಕೈಗೆ ಹೋಗುತ್ತದೆ. ಅದು ವರದಿಯ ಸ್ಥಾನವನ್ನು ತನ್ನ ಚೌಕಟ್ಟಿಗೆ ತಕ್ಕಂತೆ ಹೊಂದಿಸಿ ಕೊಡುತ್ತದೆ. ಆದ್ದರಿಂದ ಎರಡು ಚೌಕಟ್ಟುಗಳನ್ನು ತೆರೆದು, ಬಲಗಡೆಯದರಲ್ಲಿ ಒಮ್ಮೆ ಪರೀಕ್ಷಿಸಿ. ಲಿನಕ್ಸ್‌ನಲ್ಲಿ ಚಿತ್ರಾತ್ಮಕ ಪರಿಸರವಿಲ್ಲದ ಬರಿಯ ಕನ್ಸೋಲ್‌ನಲ್ಲಿ ಈ ವರದಿಗಳನ್ನು ನಂಬಿಕೊಳ್ಳಲಾಗದು. ಅಲ್ಲಿ ಜಿಪಿಎಂ ಎಂಬ ಹಿನ್ನೆಲೆ ಸೇವೆ ಮೌಸನ್ನು ನೋಡಿಕೊಳ್ಳುತ್ತದೆ. ಮೌಸ್ ಇಲ್ಲದೆಯೂ ನಿಮ್ಮ ಪ್ರೋಗ್ರಾಮಿನ ಪ್ರತಿ ಕೆಲಸ ಕೀಲಿಮಣೆಯಿಂದ ಸಾಧ್ಯವಿರಲೇಬೇಕು.

ಹಂತ 9: ಪಡೆದದ್ದನ್ನು ಹಿಂದಿರುಗಿಸಿ

ಶೆಲ್ಲಿನಲ್ಲಿ ಅಂಕಿಗಳು ಮೂಡುವುದು ಮೋಡ್ ಆರಿಸದೆ ಹೋದದ್ದರಿಂದ. ಹೊರಡುವಾಗ ಈ ಕ್ರಮವನ್ನು ಪಾಲಿಸಿ: ಮೊದಲು ಹಚ್ಚಿದ ಪ್ರತಿ ಮೋಡನ್ನೂ ಎಲ್ ಅಕ್ಷರದಿಂದ ಆರಿಸಿ, ಬರೆದದ್ದು ಹೊರಗೆ ಹೋಗುವಂತೆ ಫ್ಲಶ್ ಮಾಡಿ, ಆ ಹೊತ್ತಿಗೆ ದಾರಿಯಲ್ಲಿರುವ ವರದಿಗಳು ಬಂದು ತಲುಪಲು ಒಂದು ಕ್ಷಣ ಬಿಟ್ಟು ಟಿಸಿಫ್ಲಶ್‌ನಿಂದ ಅವನ್ನು ಚೆಲ್ಲಿ, ಕೊನೆಗೆ ಉಳಿಸಿಟ್ಟ ಹಳೆಯ ಟರ್ಮಿನಲ್ ಸ್ಥಿತಿಯನ್ನು ಮರಳಿ ಕೊಡಿ. ಕ್ರಮ ತಿರುವಾದರೆ ಪ್ರತಿಧ್ವನಿ ಮೊದಲು ಹತ್ತಿ, ಉಳಿದ ವರದಿಗಳು ಶೆಲ್ಲಿನಲ್ಲಿ ಕಾಣಿಸಿಕೊಳ್ಳುತ್ತವೆ.

ಇದನ್ನೆಲ್ಲ ಪೈಥಾನ್‌ನ ಟ್ರೈ-ಫೈನಲಿ ಕಟ್ಟಿನಲ್ಲಿ ಇಟ್ಟರೆ ದೋಷಗಳಿಗೂ ಕಂಟ್ರೋಲ್-ಸಿಗೂ ರಕ್ಷಣೆ ಸಿಗುತ್ತದೆ, ಆದರೆ ಸಿಗ್‌ಟರ್ಮ್ (ಪ್ರೋಗ್ರಾಂ ಮುಗಿಸೆಂಬ) ಮತ್ತು ಸಿಗ್‌ಹಪ್ (ಟರ್ಮಿನಲ್ ಮುಚ್ಚಿತೆಂಬ) ಸಂಕೇತಗಳು ಬಂದರೆ ಪೈಥಾನ್ ಫೈನಲಿಯನ್ನು ಮುಟ್ಟದೆಯೇ ಸಾಯುತ್ತದೆ. ಆ ಎರಡಕ್ಕೂ ಸಂಕೇತ ನಿರ್ವಾಹಕವನ್ನು ಬರೆದು, ಅದರೊಳಗಿಂದ ಸಿಸ್ಟಮ್‌ಎಕ್ಸಿಟ್ ಎಸೆಯಿರಿ. ಕಂಟ್ರೋಲ್-ಝಡ್ ಒತ್ತಿ ಪ್ರೋಗ್ರಾಮನ್ನು ತಡೆಹಿಡಿಯುವವರನ್ನು ಬಹಳ ಮಂದಿ ಮರೆಯುತ್ತಾರೆ: ಸಿಗ್‌ಟಿಎಸ್‌ಟಿಪಿ ಬಂದಾಗ ಎಲ್ಲವನ್ನೂ ಆರಿಸಿ ನಿಲ್ಲಬೇಕು, ಸಿಗ್‌ಕಾಂಟ್ ಬಂದಾಗ ಮತ್ತೆ ಹಚ್ಚಿ ಪರದೆಯನ್ನು ಹೊಸದಾಗಿ ಬರೆಯಬೇಕು. ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್‌ಗೆ ಮಾತ್ರ ಯಾವ ಉಪಾಯವೂ ಇಲ್ಲ. ಎಸ್‌ಎಸ್‌ಎಚ್ ಸಂಪರ್ಕ ಕಡಿದುಹೋದಾಗಲೂ ಆರಿಸುವ ಆದೇಶ ಈ ಕಡೆಗೆ ತಲುಪುವುದಿಲ್ಲ. ಅಂಥ ಹೊತ್ತಿನಲ್ಲಿ ಅಂಕಿಗಳು ಮೂಡುತ್ತಿದ್ದರೆ ಕಂಟ್ರೋಲ್-ಯು ಒತ್ತಿ ಸಾಲನ್ನು ಅಳಿಸಿ, ಮೌಸ್ ಮುಟ್ಟದೆ, ರೀಸೆಟ್ ಎಂಬ ಆದೇಶವನ್ನು ಟೈಪ್ ಮಾಡಿ ಎಂಟರ್ ಒತ್ತುವಂತೆ ನಿಮ್ಮ ಬಳಕೆದಾರರಿಗೆ ತಿಳಿಸಿಡಿ.